ನಾಲ್ಕು ಕೊಂಬಿನ ಜಿರಾಫೆ, ಹಳೇಬೀಡಿನ ಮಕರ

ದಸರಾ ರಜೆಗೆ ಅಕ್ಕನ ಮಗ ಪುಟ್ಟ ಹಾಸನಕ್ಕೆ ಬಂದಿದ್ದ. ಚಂಡೀಗಢದ ಪಕ್ಕದ ಪಂಚಕುಲದಲ್ಲಿ ಬೆಳೆದ ಹುಡುಗ, ಹನ್ನೊಂದು ವರ್ಷ. ಹಳೇಬೀಡಿಗೆ ಕರೆದುಕೊಂಡು ಹೋದೆ. ಹೊಯ್ಸಳೇಶ್ವರ ಗುಡಿಯ ಗೋಡೆಯಲ್ಲಿ ಕೆಳಗಿನಿಂದ ಆನೆ ಸಾಲು, ಸಿಂಹದ ಸಾಲು, ಕುದುರೆ ಸಾಲು. ಪುರಾಣ ಕಥೆಗಳ ಸಾಲು ದಾಟಿದರೆ ಮಕರ, ಹಂಸ. ಅವನು ಆನೆ, ಕುದುರೆ ಎಲ್ಲ ಬಿಟ್ಟು ಮಕರದ ಮುಂದೆ ನಿಂತುಬಿಟ್ಟ.

"ಮಾವ, ಇದು ಯಾವ ಪ್ರಾಣಿ?"

ಗೈಡ್‌ಗಳು ಹೇಳುವುದನ್ನೇ ನಾನೂ ಹೇಳಿದೆ. ಮೊಸಳೆ ಬಾಯಿ, ಆನೆ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ.

"ಅದು ಕಾಣುತ್ತೆ. ನಿಜವಾಗಿ ಯಾವ ಪ್ರಾಣಿ?"

ಉತ್ತರ ಹೊಳೆಯಲಿಲ್ಲ. ಸುಮ್ನೆ ಮಾತು ಹಾರಿಸಲು "ಇಂಥದ್ದು ಎಲ್ಲೂ ಇಲ್ಲ ಕಣೋ" ಅಂದೆ. ಅವನು ಬಿಡಲಿಲ್ಲ. "ನಮ್ಮೂರ ಹತ್ತಿರ ನಾಲ್ಕು ಕೊಂಬಿನ ಜಿರಾಫೆ ಇತ್ತಂತೆ. ಸ್ಕೂಲಿನಿಂದ ಕರೆದುಕೊಂಡು ಹೋಗಿದ್ರು. ಅದೂ ಸುಳ್ಳಾ?" ಅಂದ.

ಅದು ಸುಳ್ಳಲ್ಲ. ಆ ಜಿರಾಫೆ ನೋಡಲೆಂದೇ ಫೆಬ್ರವರಿಯಲ್ಲಿ ಐದು ದಿನ ರಜೆ ಹಾಕಿದೆ.

ಮೊದಲ ದಿನ, ಭಾನುವಾರ

ಬೆಳಗಿನ ವಿಮಾನದಲ್ಲಿ ದೆಹಲಿ. ಚಂಡೀಗಢಕ್ಕೆ ಸಂಜೆಯ ಶತಾಬ್ದಿ. ನಡುವೆ ಸಿಕ್ಕ ಹೊತ್ತಿನಲ್ಲಿ ಜನಪಥದ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆ. ಬೇರೇನೂ ನೋಡುವುದು ಬೇಡ, ಹರಪ್ಪಾ ಗ್ಯಾಲರಿ ಒಂದೇ ಸಾಕು ಅಂದುಕೊಂಡಿದ್ದೆ.

ಫೋಟೋದಲ್ಲಿ ನೋಡಿ ನೋಡಿ ಈ ಮುದ್ರೆಗಳು ಅಂಗೈ ಅಗಲ ಇರಬಹುದು ಅನ್ನಿಸಿತ್ತು. ಎದುರಿಗೆ ನೋಡಿದರೆ ಬಿಸ್ಕತ್ತಿಗಿಂತ ಚಿಕ್ಕವು. ಎಲ್ಲರಿಗೂ ಗೊತ್ತಿರುವ ಪಶುಪತಿ ಮುದ್ರೆ ಮೂರೂವರೆ ಸೆಂಟಿಮೀಟರ್ ಅಷ್ಟೆ. ಅಷ್ಟರಲ್ಲೇ ಆನೆ, ಹುಲಿ, ಘೇಂಡಾಮೃಗ, ಕೋಣ ಎಲ್ಲ ಕೂತಿವೆ. ನಾಲ್ಕೂ ಕಂಡರೆ ಹೆಸರು ಹೇಳಬಹುದಾದ ಪ್ರಾಣಿಗಳೇ.

ಆದರೆ ಸಿಂಧೂ ಮುದ್ರೆಗಳಲ್ಲಿ ಅತಿ ಹೆಚ್ಚು ಸಲ ಬರುವುದು ಯಾರೂ ನೋಡಿರದ ಪ್ರಾಣಿ. ಎತ್ತಿನಂಥ ಮೈ, ಹಣೆಯಿಂದ ಮುಂದಕ್ಕೆ ಬಾಗಿದ ಒಂದೇ ಕೊಂಬು. ಪಕ್ಕದಿಂದ ಬಿಡಿಸಿದ ಎತ್ತು ಇದು, ಒಂದು ಕೊಂಬಿನ ಹಿಂದೆ ಇನ್ನೊಂದು ಮರೆಯಾಗಿದೆ ಎಂದು ಕೆಲವರು ವಾದ ಮಾಡಿದ್ದರು. ಒಳ್ಳೆಯ ವಾದವೇ. ತೊಂದರೆ ಏನೆಂದರೆ ಅದೇ ಜನ ಮಾಡಿದ ಮಣ್ಣಿನ ಗೊಂಬೆಗಳೂ ಸಿಕ್ಕಿವೆ. ಗೊಂಬೆಯನ್ನು ಯಾವ ಕಡೆಯಿಂದ ನೋಡಿದರೂ ಕೊಂಬು ಒಂದೇ. ಹಾಗಾಗಿ ಅವರ ಮನಸ್ಸಿನಲ್ಲಿ ಇದ್ದದ್ದೂ ಒಂದೇ ಕೊಂಬು.

ಈ ಒಂಟಿ ಕೊಂಬು ಆಮೇಲೆ ಬಹಳ ದೂರ ಹೋಯಿತು. ಸುಮಾರು 2400 ವರ್ಷಗಳ ಹಿಂದೆ ಪರ್ಷಿಯಾದ ಆಸ್ಥಾನದಲ್ಲಿ ಕ್ಟೀಸಿಯಸ್ ಎಂಬ ಗ್ರೀಕ್ ವೈದ್ಯನಿದ್ದ. ಭಾರತಕ್ಕೆ ಕಾಲಿಟ್ಟವನಲ್ಲ. ಭಾರತದಲ್ಲಿ ಬಿಳೀ ಕಾಡುಕತ್ತೆ ಇದೆ, ಹಣೆಯಲ್ಲಿ ಒಂದು ಕೊಂಬು, ಆ ಕೊಂಬಿನ ಲೋಟದಲ್ಲಿ ಕುಡಿದರೆ ವಿಷ ತಾಗುವುದಿಲ್ಲ ಎಂದು ಬರೆದಿಟ್ಟ. ಅವರಿವರಿಂದ ಕೇಳಿದ ನಮ್ಮ ಘೇಂಡಾಮೃಗವೇ ಅವನ ಕೈಯಲ್ಲಿ ಕತ್ತೆಯಾಯಿತು ಅನ್ನುತ್ತಾರೆ. ಯುರೋಪಿಗೆ ಹೋದ ಮೇಲೆ ಆ ಕತ್ತೆ ಬಿಳೀ ಕುದುರೆಯಾಯಿತು. ಸೈಬೀರಿಯಾದಲ್ಲಿ ಎಲಾಸ್ಮೊಥೀರಿಯಂ ಎಂಬ ಭಾರೀ ಘೇಂಡಾಮೃಗ ಇತ್ತು, ಸುಮಾರು 39,000 ವರ್ಷಗಳ ಹಿಂದಿನವರೆಗೂ ಬದುಕಿತ್ತು. ಅದನ್ನೂ ಈ ಕಥೆಯ ಮೂಲ ಎಂದು ಹೇಳುವವರಿದ್ದಾರೆ. ನನಗೆ ನಂಬಿಕೆ ಕಡಿಮೆ. ಮನೆ ಹಿಂದೆಯೇ ಬದುಕಿರುವ ಘೇಂಡಾಮೃಗ ಇರುವಾಗ ಅಷ್ಟು ಹಿಂದಕ್ಕೆ ಯಾಕೆ ಹೋಗಬೇಕು, ಅಲ್ವಾ?

ಶೃಂಗೇರಿ ಹತ್ತಿರದ ಕಿಗ್ಗದ ಋಷ್ಯಶೃಂಗನೂ ನೆನಪಾದ. ಹಣೆಯಲ್ಲಿ ಕೊಂಬಿದ್ದ, ಜಿಂಕೆ ಹೊಟ್ಟೆಯಲ್ಲಿ ಹುಟ್ಟಿದ ಋಷಿ. ಅವನ ಬಗ್ಗೆ ಯೋಚಿಸುತ್ತಿರುವಾಗಲೇ ಕಾವಲುಗಾರ ಗಂಟೆ ನೋಡಿಕೊಂಡ. ಹೊರಟೆ.

ಎರಡನೇ ದಿನ, ಸೋಮವಾರ

ಚಂಡೀಗಢದ ಸೆಕ್ಟರ್ 10ರ ಮ್ಯೂಸಿಯಂ ನೋಡುವುದು ಇವತ್ತಿನ ಯೋಜನೆ. ಭಾವ ಆಫೀಸಿಗೆ ರಜೆ ಹಾಕಿ ಕಾರು ತೆಗೆದರು. ಗೇಟಿನ ತನಕ ಹೋದೆವು. ಸೋಮವಾರ ರಜೆ. ಭಾವ ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು. ಸುಖನಾ ಕೆರೆ ಒಂದು ಸುತ್ತು ಹಾಕಿ ಮನೆಗೆ ಬಂದೆವು.

"ಏನೋ, ಮೂಳೆ ನೋಡೋಕೆ ಹಾಸನದಿಂದ ಬಂದ್ಯಾ?" ಎಂದು ಅಕ್ಕ ನಗುತ್ತಾ ಉಪ್ಪಿಟ್ಟು ಕೊಟ್ಟಳು. ಆದರೆ ದೇವರ ಮನೆಯಲ್ಲಿ ಅವಳೂ ಒಂದು ಪಳೆಯುಳಿಕೆ ಇಟ್ಟುಕೊಂಡಿದ್ದಾಳೆ. ಅಜ್ಜಿ ಕೊಟ್ಟ ಸಾಲಿಗ್ರಾಮ. ನೇಪಾಳದ ಕಾಳಿ ಗಂಡಕಿ ನದಿಯಲ್ಲಿ ಸಿಗುವ ಕರೀ ಕಲ್ಲು, ಒಳಗೆ ಚಕ್ರ. ಆ ಚಕ್ರ ಆಮೊನೈಟ್ ಎಂಬ ಸಮುದ್ರ ಜೀವಿಯ ಚಿಪ್ಪಿನ ಗುರುತು. ಹಿಮಾಲಯ ಏಳುವ ಮುಂಚೆ ಅಲ್ಲಿ ಸಮುದ್ರವಿತ್ತು, ಹದಿನೈದು ಕೋಟಿ ವರ್ಷಗಳಷ್ಟು ಹಿಂದೆ. ಪುಟ್ಟನಿಗೆ ಇದನ್ನು ಹೇಳಿದಾಗ ಅಕ್ಕನೂ ಕೇಳಿಸಿಕೊಂಡಳು. "ಇರಲಿ, ನಾಳೆ ಅಭಿಷೇಕಕ್ಕೆ ಹಾಲು ತಾ" ಅಂದಳು.

ರಾತ್ರಿ ಪುಟ್ಟನಿಗೆ ನಾಳೆ ಹೋಗುವ ಜಾಗದ ಕಥೆ ಹೇಳಿದೆ. ಕಥೆ 1360ರ ಸುಮಾರಿಗೆ ಶುರುವಾಗುತ್ತದೆ. ಫಿರೋಜ್ ಷಾ ತುಘಲಕ್ ಈ ಕಡೆ ಒಂದು ಕಾಲುವೆ ತೋಡಿಸುತ್ತಿದ್ದ. ಗುಡ್ಡ ಕಡಿಯಲು 50,000 ಜನ. ಕಡಿಯುವಾಗ ಮೂಳೆಗಳು ಬಂದವು. ಕೆಲವು ಆನೆಯವು, ಕೆಲವು ಮನುಷ್ಯರವು ಅಂದರಂತೆ. ಮನುಷ್ಯರ ಮುಂಗೈ ಮೂಳೆ ಮೂರು ಗಜ ಇತ್ತಂತೆ. ಕೆಲವು ಅರ್ಧ ಕಲ್ಲಾಗಿದ್ದವಂತೆ. ಇದನ್ನು ನಮಗಾಗಿ ಬರೆದಿಟ್ಟವನು ಫಿರಿಸ್ತಾ ಎಂಬ ಇತಿಹಾಸಕಾರ. ಎಲ್ಲಿ ಕೂತು ಬರೆದ ಗೊತ್ತಾ? ನಮ್ಮ ಬಿಜಾಪುರದಲ್ಲಿ, ಎರಡನೇ ಇಬ್ರಾಹಿಂ ಆದಿಲ್ ಷಾನ ಆಸ್ಥಾನದಲ್ಲಿ, 17ನೇ ಶತಮಾನದ ಆರಂಭದಲ್ಲಿ. ಹಿಮಾಲಯದ ಬುಡದ ಈ ಶಿವಾಲಿಕ್ ಗುಡ್ಡದ ಮೂಳೆಗಳ ಸುದ್ದಿ ಗೋಳಗುಮ್ಮಟದ ಊರಿನಿಂದ ಲೋಕಕ್ಕೆ ಹೋಯಿತು. ಇದನ್ನು ಮೊದಲ ಸಲ ಓದಿದಾಗ ಕುರ್ಚಿಯಿಂದ ಎದ್ದು ನಿಂತಿದ್ದೆ.

ಇನ್ನೂರು ವರ್ಷ ಕಳೆದ ಮೇಲೆ ಆ ಸಾಲುಗಳು ಇಬ್ಬರ ಕಣ್ಣಿಗೆ ಬಿದ್ದವು. ಒಬ್ಬ ಹ್ಯೂ ಫಾಲ್ಕನರ್, ಸಹಾರನ್‌ಪುರದ ಸಸ್ಯೋದ್ಯಾನ ನೋಡಿಕೊಳ್ಳುತ್ತಿದ್ದ ಸ್ಕಾಟ್‌ಲ್ಯಾಂಡ್ ವೈದ್ಯ. ಇನ್ನೊಬ್ಬ ಪ್ರೋಬಿ ಕಾಟ್ಲೆ, ಕಾಲುವೆ ಎಂಜಿನಿಯರ್. ಗಂಗಾ ಕಾಲುವೆ ಕಟ್ಟಿಸಿದವನೂ ಆಮೇಲೆ ಇವನೇ. ಇಬ್ಬರೂ ಗುಡ್ಡ ಹುಡುಕತೊಡಗಿದರು. 1834ರಲ್ಲಿ ನಾಹನ್‌ನ ರಾಜರ ಕಡೆಯಿಂದ ಕಲ್ಲಾದ ಆನೆ ಹಲ್ಲೊಂದು ಸಿಕ್ಕಿತು. ಎಲ್ಲಿಂದ ಬಂತು ಎಂದು ಕೇಳಿಕೊಂಡು ಹೋದ ಫಾಲ್ಕನರ್ ಆರು ಗಂಟೆಯಲ್ಲಿ 300ಕ್ಕೂ ಹೆಚ್ಚು ಮೂಳೆ ಒಟ್ಟುಮಾಡಿದ. 1837ರಲ್ಲಿ ಲಂಡನ್ನಿನ ಭೂವಿಜ್ಞಾನ ಸಂಘ ಇಬ್ಬರಿಗೂ ವೊಲಾಸ್ಟನ್ ಪದಕ ಕೊಟ್ಟಿತು.

"ಊರವರಿಗೆ ಮೊದಲೇ ಗೊತ್ತಿತ್ತಲ್ಲ, ಅವರಿಗೆ ಪದಕ ಕೊಡಲಿಲ್ವಾ?" ಎಂದು ಕೇಳಿ ಪುಟ್ಟ ನಿದ್ದೆ ಹೋದ.

ಮೂರನೇ ದಿನ, ಮಂಗಳವಾರ

ಪಂಚಕುಲದಿಂದ ನಾರಾಯಣಗಢ. ಅಲ್ಲಿ ಟೈರು ಪಂಚರ್. ಅಂಗಡಿಯವನು ಬರುವ ತನಕ ಕಬ್ಬಿನ ಹಾಲು ಕುಡಿದೆವು. ಆಮೇಲೆ ಕಾಲಾ ಅಂಬ್. ಕಪ್ಪು ಮಾವು ಎಂಬ ಚಂದದ ಹೆಸರು, ಕಾಣಿಸುವುದು ಬರೀ ಕಾರ್ಖಾನೆ. ಅಲ್ಲಿಂದ ಒಳಕ್ಕೆ ತಿರುಗಿದರೆ ಮಾರ್ಕಂಡಾ ನದಿ. ಅಗಲವಾದ ಪಾತ್ರದ ತುಂಬ ಉರುಟು ಕಲ್ಲು, ನಡುವೆ ದಾರದಂತೆ ನೀರು. ಅದರ ದಡದಲ್ಲೇ ಸುಕೇತಿ, ಪುಟ್ಟನ ಜಿರಾಫೆ ಇರುವ ಪಳೆಯುಳಿಕೆ ಪಾರ್ಕಿನ ಊರು.

ಶಿವಾಲಿಕ್ ಗುಡ್ಡಗಳು ಗಟ್ಟಿ ಬಂಡೆಯಲ್ಲ. ಮರಳುಗಲ್ಲು, ಜೇಡಿ. ಹಿಮಾಲಯ ಏಳುತ್ತಾ ಸವೆದದ್ದನ್ನೆಲ್ಲ ನದಿಗಳು ತಂದು ಲಕ್ಷಾಂತರ ವರ್ಷ ಇಲ್ಲಿ ಸುರಿದವು. ಸತ್ತ ಪ್ರಾಣಿಗಳೂ ಅದರಲ್ಲಿ ಹೂತವು. ಆಮೇಲೆ ಆ ರಾಶಿಯೇ ಮಡಚಿಕೊಂಡು ಮೇಲೆದ್ದಿತು. ಪ್ರತಿ ಮಳೆಗಾಲದಲ್ಲೂ ಒಂದಿಷ್ಟು ಮಣ್ಣು ಕುಸಿಯುತ್ತದೆ, ಒಂದಿಷ್ಟು ಮೂಳೆ ಹೊರಗೆ ಇಣುಕುತ್ತದೆ. ಆಡು ಮೇಯಿಸುವವರ ಕಾಲಿಗೆ ಸಿಗುವುದೇ ಮೊದಲು. ವಿಜ್ಞಾನಿಗಳು ಬರುವುದು ಆಮೇಲೆ.

ಪಾರ್ಕು 1974ರಲ್ಲಿ ಆದದ್ದು. ಮೂಳೆ ಸಿಕ್ಕ ಜಾಗದಲ್ಲೇ ಫೈಬರ್‌ಗ್ಲಾಸ್‌ನಲ್ಲಿ ಪ್ರಾಣಿಗಳನ್ನು ಅಷ್ಟೇ ಗಾತ್ರಕ್ಕೆ ಮಾಡಿ ನಿಲ್ಲಿಸಿದ್ದಾರೆ. ಬಣ್ಣ ಅಲ್ಲಲ್ಲಿ ಎದ್ದಿದೆ. ಕೋರೆ ಹುಲಿಯ ಮುಖ ಸ್ವಲ್ಪ ನಗುತ್ತಿದ್ದಂತಿದೆ. ಆದರೂ ಪೊದೆ ದಾಟಿ ತಿರುಗಿದಾಗ ಆ ಆನೆ ಎದುರಾದರೆ ಒಂದು ಕ್ಷಣ ಕಾಲು ನಿಲ್ಲುತ್ತದೆ. ಅದು ಸ್ಟೆಗೊಡಾನ್. ಮೂರು ಮೀಟರಿಗಿಂತ ಉದ್ದದ ದಂತ. ಎರಡು ದಂತವೂ ಎಷ್ಟು ಒತ್ತಿಕೊಂಡಿದ್ದವು ಎಂದರೆ ನಡುವೆ ಸೊಂಡಿಲು ಇಳಿಸಲು ಜಾಗವೇ ಇರಲಿಲ್ಲವಂತೆ, ಪಕ್ಕಕ್ಕೆ ಹಾಕಿಕೊಂಡು ಓಡಾಡುತ್ತಿದ್ದಿರಬೇಕು. ಇಲ್ಲಿ ಸಿಕ್ಕ ಜಾತಿಗೆ ಇಟ್ಟ ಹೆಸರು ಸ್ಟೆಗೊಡಾನ್ ಗಣೇಶ.

ಜಿರಾಫೆಗೆ ಶಿವನ ಹೆಸರು, ಶಿವಥೀರಿಯಂ. ಶಿವನ ಮೃಗ ಎಂದರ್ಥ. 1836ರಲ್ಲಿ ಫಾಲ್ಕನರ್ ಮತ್ತು ಕಾಟ್ಲೆ ಇಟ್ಟದ್ದು. ನೋಡಿದರೆ ಜಿರಾಫೆಯಂತೆ ಕಾಣುವುದಿಲ್ಲ. ಕತ್ತು ಮೋಟು, ಮೈ ಭಾರೀ ಎತ್ತಿನದು, ತೂಕ ಒಂದು ಟನ್ನಿಗೂ ಜಾಸ್ತಿ. ಕಣ್ಣಿನ ಮೇಲೆ ಎರಡು ಚೂಪು ಕೊಂಬು, ನೆತ್ತಿಯ ಹಿಂದೆ ಮರದ ಕೊಂಬೆಯಂತೆ ಹರಡಿದ ಇನ್ನೆರಡು. ಪುಟ್ಟ ಹೆಮ್ಮೆಯಿಂದ ತೋರಿಸಿದ, ತಾನೇ ಸಾಕಿದವನ ಹಾಗೆ. "ಇದೇ ಶರಭ ಇರಬಹುದಾ?"

ಎಂಟು ಕಾಲಿನ, ಸಿಂಹವನ್ನೇ ಸೋಲಿಸುವ ಶರಭ ಇದೇ ಇರಬಹುದು ಎಂದು ಊಹಿಸಿದವರಿದ್ದಾರೆ. ನಾನು ಅವನಿಗೆ ಸುಮೇರಿಯಾದ ಉಂಗುರದ ಕಥೆ ಹೇಳಿದೆ. ಇರಾಕಿನ ಕಿಶ್ ಎಂಬ ಹಳೇ ಊರಿನಲ್ಲಿ ರಥದ ಲಗಾಮು ಹಾಯಿಸುವ ಲೋಹದ ಉಂಗುರ ಸಿಕ್ಕಿತ್ತು. ಮೇಲೊಂದು ಪ್ರಾಣಿಯ ಗೊಂಬೆ, ವಿಚಿತ್ರ ಕೊಂಬು. 1936ರಲ್ಲಿ ಕೋಲ್ಬರ್ಟ್ ಎಂಬ ದೊಡ್ಡ ವಿಜ್ಞಾನಿ, ಇದು ಶಿವಥೀರಿಯಮ್ಮೇ, ಅಂದರೆ ಐದು ಸಾವಿರ ವರ್ಷಗಳ ಹಿಂದೆ ಅದು ಬದುಕಿತ್ತು ಎಂದು ಬರೆದ. ವರ್ಷಗಳಾದ ಮೇಲೆ ಮ್ಯೂಸಿಯಂ ಉಗ್ರಾಣದಲ್ಲಿ ಗೊಂಬೆಯ ಮುರಿದ ಕೊಂಬಿನ ಚೂರುಗಳು ಸಿಕ್ಕವು. ಜೋಡಿಸಿ ನೋಡಿದರೆ ಮಾಮೂಲಿ ಜಿಂಕೆ. ನಾಲ್ಕು ಕೊಂಬು ನೋಡಲೇಬೇಕು ಅಂದರೆ ಜಗಳೂರಿನ ರಂಗಯ್ಯನದುರ್ಗದ ಕಾಡಿಗೆ ಹೋಗಬಹುದು. ಅಲ್ಲಿ ಕೊಂಡುಕುರಿಗಳಿವೆ. ಮೇಕೆಗಿಂತ ದೊಡ್ಡದಿಲ್ಲ, ಗಂಡಿಗೆ ನಾಲ್ಕು ಪುಟಾಣಿ ಕೊಂಬು, ಇವತ್ತಿಗೂ ಜೀವಂತ. ಪುಟ್ಟನಿಗೆ ಮೇಕೆ ಗಾತ್ರ ಹಿಡಿಸಲಿಲ್ಲ.

ಆಮೆಯ ಹತ್ತಿರ ನಾವು ಜಾಸ್ತಿ ಹೊತ್ತು ಕೂತೆವು. ನೆಲದ ಮೇಲಿನ ಆಮೆ, ಚಿಪ್ಪೇ ಎರಡು ಮೀಟರ್. ಸಿಕ್ಕ ಚೂರುಗಳಿಂದ ಫಾಲ್ಕನರ್ ಹನ್ನೆರಡು ಅಡಿ ಎಂದು ಲೆಕ್ಕ ಹಾಕಿದ್ದ, ಅದು ಹೆಚ್ಚಾಯಿತು. ಅವನಿಗೆ ಭೂಮಿ ಹೊತ್ತ ಕೂರ್ಮ ನೆನಪಾಯಿತು. ಗರುಡನ ಕಥೆಯೂ ನೆನಪಾಯಿತು. ಆಸ್ತಿಗಾಗಿ ಕಿತ್ತಾಡಿದ ಅಣ್ಣತಮ್ಮ ಶಾಪದಿಂದ ಆನೆ, ಆಮೆ ಆಗುತ್ತಾರೆ. ಗರುಡ ಇಬ್ಬರನ್ನೂ ಒಂದೊಂದು ಉಗುರಿನಲ್ಲಿ ಎತ್ತಿಕೊಂಡು ಹಾರುತ್ತಾನೆ. ಆನೆಗೆ ಸರಿಸಮ ಆಗುವ ಆಮೆಯನ್ನು ಯಾರಾದರೂ ನೋಡದೆ ಇಂಥ ಕಥೆ ಹುಟ್ಟುತ್ತದಾ ಎಂಬುದು ಫಾಲ್ಕನರನ ಪ್ರಶ್ನೆ. ಮನುಷ್ಯರೇ ಈ ಆಮೆಯನ್ನು ಜೀವಂತ ನೋಡಿರಬಹುದು ಎಂಬ ಆಸೆ ಅವನಿಗಿತ್ತು.

ಅದು ಆಗುವ ಮಾತಲ್ಲ. ಗರುಡನ ಕಥೆ ಹೇಳಿದ ಯಾರೂ ಈ ಆಮೆಯನ್ನು ಕಂಡಿರಲು ಸಾಧ್ಯವಿಲ್ಲ, ನಡುವೆ ಹತ್ತು ಲಕ್ಷಕ್ಕೂ ಹೆಚ್ಚು ವರ್ಷಗಳಿವೆ. ಆದರೆ ಮೂಳೆ ಕಂಡಿರಬಹುದಲ್ಲ? ಇದೇ ಗುಡ್ಡದಲ್ಲಿ ಆನೆ ಹಲ್ಲು, ಆಮೆ ಚಿಪ್ಪು ಎರಡೂ ಸಿಗುತ್ತವೆ. ಕಂಡಿರಬಹುದು ಅನ್ನುವ ತನಕ ಹೋಗಲು ನಾನು ತಯಾರು. ಕಂಡಿದ್ದಕ್ಕೇ ಕಥೆ ಹುಟ್ಟಿತು ಎಂದು ಹೇಳಲು ಮಾತ್ರ ಬಾಯಿ ಬರುವುದಿಲ್ಲ.

ಒಳಗಿನ ಮ್ಯೂಸಿಯಂನಲ್ಲಿ ಒಂದು ಆಟ ಆಡಿದೆವು. ನಾನು ಚೀಟಿಗೆ ಕೈ ಅಡ್ಡ ಇಟ್ಟೆ, ಪುಟ್ಟ ಮೂಳೆ ನೋಡಿ ಹೆಸರು ಹೇಳಬೇಕು. ಆನೆ ದವಡೆ ಹಲ್ಲು, ತಕ್ಷಣ ಹೇಳಿದ. ಮೊಸಳೆ ಬಾಯಿ, ಹೇಳಿದ. ಆಮೇಲೆ ಒಂದು ದಪ್ಪ ದವಡೆ ಬಂತು, ಮುಂದಕ್ಕೆ ಚಾಚಿದ ಹಲ್ಲುಗಳು. ತುಂಬಾ ಹೊತ್ತು ನೋಡಿ "ರಾಕ್ಷಸ" ಅಂದ. ಚೀಟಿ ನೋಡಿದರೆ ನೀರಾನೆ. ಹೆಕ್ಸಾಪ್ರೊಟೊಡಾನ್, ಆರು ಮುಂಹಲ್ಲಿನದು. ಒಂದು ಕಾಲದಲ್ಲಿ ನಮ್ಮ ದೇಶದಲ್ಲೇ ಇತ್ತು, ಈಗ ಝೂನಲ್ಲಿ ಮಾತ್ರ ಅದರ ಆಫ್ರಿಕಾದ ನೆಂಟ.

ಆಗ ಫಿರೋಜ್ ಷಾನ ಕೂಲಿಗಳು ನೆನಪಾದರು. ಅವರೇನು ಕಡಿಮೆ ತಿಳಿದವರಲ್ಲ. ಆನೆಯನ್ನು ಕಂಡಿದ್ದರು, ಆನೆ ಮೂಳೆಯನ್ನು ಆನೆಯದೇ ಎಂದು ಸರಿಯಾಗಿ ಗುರುತಿಸಿದರು. ನೀರಾನೆಯನ್ನು ಕಂಡವರಿರಲಿಲ್ಲ, ಶಿವಥೀರಿಯಮ್ಮಿನ ಕಾಲು ಹೇಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಗುರುತು ಸಿಗದ ಮೂಳೆಗಳನ್ನೆಲ್ಲ ಮೂರು ಗಜದ ತೋಳಿನ ಮನುಷ್ಯರ ಲೆಕ್ಕಕ್ಕೆ ಹಾಕಿದರು. ಹಿಮಾಲಯದ ಕಣಿವೆ ದಾಟಿ ಬರುತ್ತಿದ್ದ ಇಂಥದೇ ಮೂಳೆಗಳಿಗೆ "ಬಿಜಲೀ ಕೀ ಹಾಡ್", ಸಿಡಿಲಿನ ಮೂಳೆ ಎಂಬ ಹೆಸರಿತ್ತು. ತಾಯಿತದಂತೆ ಕಟ್ಟಿಕೊಳ್ಳುತ್ತಿದ್ದರು. ವಿಜ್ಞಾನಿಗಳು ಬಂದು ಮಾಡಿದ್ದೂ ಸ್ವಲ್ಪ ಹಾಗೇ. ಗುರುತಿಲ್ಲದ್ದು ಸಿಕ್ಕಾಗ ಶಿವ, ಗಣೇಶ ಎಂದು ಹೆಸರಿಟ್ಟರು. ಶಿವಾಲಿಕ್‌ನಲ್ಲಿ ಸಿಕ್ಕ ವಾನರ ದವಡೆಯೊಂದಕ್ಕೆ 1934ರಲ್ಲಿ ರಾಮಪಿಥೆಕಸ್ ಎಂಬ ಹೆಸರಾಯಿತು. ಮನುಷ್ಯನ ಪೂರ್ವಜ ಎಂದು ಬಹಳ ಕಾಲ ನಂಬಿದ್ದರು. ಆಮೇಲೆ ನೋಡಿದರೆ ಅದು ಶಿವಪಿಥೆಕಸ್ ಎಂಬ ವಾನರನೇ, ಒರಾಂಗುಟನ್ನಿನ ಕಡೆಯವನು. ರಾಮನನ್ನು ಶಿವನಲ್ಲಿ ಸೇರಿಸಿಬಿಟ್ಟರು.

ಹೊರಗೆ ಬರುವಾಗ ಘರಿಯಾಲ್ ಗೊಂಬೆ. ಉದ್ದ ಸಣ್ಣ ಮೂತಿಯ ಮೊಸಳೆ. ಇಲ್ಲಿ ರಾಂಫೊಸೂಕಸ್ ಎಂಬ ಅದರ ದೈತ್ಯ ಸಂಬಂಧಿ ಇತ್ತು, 8ರಿಂದ 11 ಮೀಟರ್. ಘರಿಯಾಲ್ ಮಾತ್ರ ಈಗಲೂ ಚಂಬಲ್ ನದಿಯಲ್ಲಿ ಬದುಕಿದೆ. ಗಂಡಿನ ಮೂತಿಯ ತುದಿಯಲ್ಲಿ ಮಡಕೆಯಂಥ ಉಬ್ಬು, ಅದಕ್ಕೇ ಆ ಹೆಸರು. ಘಡಾ ಅಂದರೆ ಮಡಕೆ ತಾನೆ. ಬಿಹಾರದ ಬರಾಬರ್ ಬೆಟ್ಟದ ಲೋಮಸ ಋಷಿ ಗುಹೆಯ ಬಾಗಿಲಲ್ಲಿ ಮೌರ್ಯರ ಕಾಲದ ಮಕರಗಳಿವೆ. ಅವು ನಮ್ಮ ಹಳೇಬೀಡಿನವುಗಳ ಹಾಗಲ್ಲ, ಹೆಚ್ಚು ಕಡಿಮೆ ಮೊಸಳೆಗಳೇ. ಗಂಗೆಯ ದಡದವರು ಕೆತ್ತಿದ ಆ ಉಬ್ಬಿದ ಮೂತಿ ದಕ್ಷಿಣಕ್ಕೆ ಬರುತ್ತಾ ಬರುತ್ತಾ ಸೊಂಡಿಲಾಯಿತಾ? ಘರಿಯಾಲ್ ನೋಡೇ ಇರದ ನಮ್ಮ ಶಿಲ್ಪಿ, ಹಿರಿಯರ ಮಕರವನ್ನು ನೋಡಿ, ಇದು ಸೊಂಡಿಲೇ ಇರಬೇಕು ಅಂದುಕೊಂಡನಾ? ಇದು ಬರೀ ನನ್ನ ಕಲ್ಪನೆ. ಆದರೆ ಬಿಟ್ಟುಕೊಡಲು ಮನಸ್ಸಿಲ್ಲ.

ನಾಲ್ಕನೇ ದಿನ, ಬುಧವಾರ

ರಾತ್ರಿ ನಾಹನ್‌ನಲ್ಲಿ ಉಳಿದಿದ್ದೆವು. ಲಾಡ್ಜಿನ ಗೀಸರ್ ಕೆಟ್ಟಿತ್ತು. ತಣ್ಣೀರು ಸ್ನಾನ ಮಾಡಿ ನಡುಗುತ್ತಾ ರೇಣುಕಾ ಸರೋವರಕ್ಕೆ ಹೋದೆವು. ಹಿಮಾಚಲದ ಅತಿ ದೊಡ್ಡ ನೈಸರ್ಗಿಕ ಸರೋವರ. ಮಲಗಿದ ಹೆಂಗಸಿನ ಆಕಾರ ಎನ್ನುತ್ತಾರೆ, ಅವಳೇ ಪರಶುರಾಮನ ತಾಯಿ ರೇಣುಕೆ. ನಮ್ಮ ಸವದತ್ತಿ ಎಲ್ಲಮ್ಮ! ಅಕ್ಕನಿಗೆ ಫೋನ್ ಮಾಡಿದೆ. "ಅಷ್ಟು ದೂರ ಹೋಗಿ ಎಲ್ಲಮ್ಮನ್ನ ನೋಡಿದ್ಯಾ, ಪುಣ್ಯವಂತ" ಅಂದಳು.

ನೀರಿನಲ್ಲಿ ಮೀನು, ಆಮೆ. ಜನ ಹಿಟ್ಟು ಹಾಕುತ್ತಿದ್ದರು. ನಿನ್ನೆಯ ಆಮೆ ನೋಡಿದ ಕಣ್ಣಿಗೆ ಇವು ಗುಂಡಿಯಷ್ಟೇ.

ಐದನೇ ದಿನ, ಗುರುವಾರ

ದೆಹಲಿಗೆ ವಾಪಸ್. ಭಾವ ಕುರುಕ್ಷೇತ್ರದ ಮೇಲೆ ಹೋಗೋಣ ಅಂದರು. ಕಾರಿನಲ್ಲಿ ಅವರಿಗೊಂದು ವಿಷಯ ಹೇಳಿದೆ. 2008ರಲ್ಲಿ ಮೂವರು ಯುರೋಪಿನ ಸಂಶೋಧಕರು, ಶಿವಾಲಿಕ್‌ನ ಮೂಳೆ ರಾಶಿಯನ್ನು ಹಳೇ ಕಾಲದ ಜನ ಮಹಾಭಾರತ ಯುದ್ಧದಲ್ಲಿ ಬಿದ್ದ ಆನೆ, ವೀರರ ಮೂಳೆ ಎಂದುಕೊಂಡಿರಬಹುದು ಎಂದು ಬರೆದಿದ್ದರು. ರಣರಂಗ ಇಲ್ಲಿ, ಮೂಳೆಗಳು ಎರಡು ಗಂಟೆ ದಾರಿಯಲ್ಲಿ.

ಭಾವ ಸ್ವಲ್ಪ ಹೊತ್ತು ಸುಮ್ಮನೆ ಓಡಿಸಿದರು. "ಇರಬಹುದು. ಆದರೆ ಯುದ್ಧ ಅಂದ ಮೇಲೆ ಆನೆ ಇದ್ದೇ ಇರುತ್ತೆ. ಅದಕ್ಕೆ ಮೂಳೆ ಬೇಕಾ?" ಅಂದರು. ಐದು ದಿನದಲ್ಲಿ ನಾನು ಕೇಳಿದ ಅತಿ ಒಳ್ಳೆಯ ಟೀಕೆ ಅದು.

ಪೆಹೋವಾ ರಸ್ತೆಯಲ್ಲಿ ಭೋರ್ ಸೈದಾನ್ ಎಂಬ ಹಳ್ಳಿ ಇದೆ. ಅಲ್ಲಿ ಹರಿಯಾಣದ ಅರಣ್ಯ ಇಲಾಖೆಯ ಮೊಸಳೆ ಕೇಂದ್ರ. ಬಿಸಿಲಿಗೆ ಕೆರೆ ದಡದಲ್ಲಿ ಮೊಸಳೆಗಳು ಮರದ ದಿಮ್ಮಿಗಳ ಹಾಗೆ ಬಿದ್ದಿದ್ದವು. ಘರಿಯಾಲ್ ಅಲ್ಲ, ರಂಗನತಿಟ್ಟಿನಲ್ಲಿ ನಾವು ನೋಡುವ ಅದೇ ಜಾತಿ, ಅಗಲ ಮೂತಿಯದು.

"ಬೇಲಿ ಹತ್ತಿರ ಹೋಗಬೇಡಿ, ಮಗರ್ ಇದೆ" ಎಂದು ಅಲ್ಲಿಯ ನೌಕರ ಹಿಂದಿಯಲ್ಲಿ ಕೂಗಿದ.

ಪುಟ್ಟ ಆ ಪದವನ್ನು ಹುಟ್ಟಿದಾಗಿನಿಂದ ಕೇಳಿದ್ದಾನೆ. ನಾನೂ ಕೇಳಿದ್ದೇನೆ. ಇಂಗ್ಲಿಷರ ಬಾಯಲ್ಲಿ ಅದೇ ಮಗ್ಗರ್ ಆಗಿದೆ. ಆದರೂ ಇಬ್ಬರ ಕಿವಿಗೂ ಅದು ಸರಿಯಾಗಿ ಬಿದ್ದದ್ದು ಆಗಲೇ. "ನಿಧಾನ ಹೇಳು ನೋಡೋಣ" ಅಂದೆ. "ಮಗರ್. ಮಗರ. ಮಕ..." ಎಂದು ನಿಲ್ಲಿಸಿ ನನ್ನ ಮುಖ ನೋಡಿದ.

ಅವನ ಅಮ್ಮನ ಹಳೇ ಫೋನಿನಲ್ಲಿ ದಸರಾದಲ್ಲಿ ತೆಗೆದ ಹಳೇಬೀಡಿನ ಫೋಟೋ ಇನ್ನೂ ಇತ್ತು. ದೊಡ್ಡದು ಮಾಡಿ, ಬೇಲಿಯಾಚೆ ಬಾಯಿ ತೆರೆದು ಮಲಗಿದ್ದ ಒಂದರ ಪಕ್ಕಕ್ಕೆ ಹಿಡಿದ. ಒಂದು ಕಣ್ಣು ಮುಚ್ಚಿ, ಆಮೇಲೆ ಇನ್ನೊಂದು ಮುಚ್ಚಿ ಬಹಳ ಹೊತ್ತು ನೋಡಿದ.

"ಸೊಂಡಿಲು ಇಲ್ಲ ಮಾವ," ಅಂದ. "ಹಲ್ಲು ಮಾತ್ರ ಸೇಮ್."